ಹುಟ್ಟು ಓಟಗಾರರೂ ನಮ್ಮಪ್ಪನ ಹೋರಿಯೂ

ಭಾನುವಾರ ಬೆಳಗಿನ ಜಾವ ಐದೂವರೆಗೆ ಕಬ್ಬನ್ ಪಾರ್ಕಿಗೆ ಬಂದರೆ ನಮ್ಮಂಥವರ ಒಂದು ಜಾತ್ರೆಯೇ ಕಾಣಿಸುತ್ತೆ. ವಾರದ ಐದು ದಿನ ಎರಡನೇ ಮಹಡಿಗೆ ಹೋಗೋಕೂ ಲಿಫ್ಟಿಗೆ ಕಾಯೋ ಜನ ಅವತ್ತು ಹದಿನೆಂಟು, ಇಪ್ಪತ್ತು, ಇಪ್ಪತ್ತೆಂಟು ಕಿಲೋಮೀಟರ್ ಓಡ್ತಾರೆ. ಸೊಂಟದಲ್ಲಿ ಪುಟ್ಟ ನೀರಿನ ಬಾಟ್ಲಿಗಳ ಬೆಲ್ಟು, ಕೈಯಲ್ಲಿ ಎದೆಬಡಿತ ಎಣಿಸೋ ವಾಚು, ಜೇಬಲ್ಲಿ ಜೆಲ್ ಪ್ಯಾಕೆಟ್ಟು. ಮಾತೆಲ್ಲ ಪೇಸ್, ಕೇಡೆನ್ಸ್, ಲಾಂಗ್ ರನ್, ಟೇಪರ್ ಅಂತ. ನಾನೂ ಅವರಲ್ಲೊಬ್ಬ. ಹಾಗಾಗಿ ಮುಂದೆ ನಾನು ಯಾರನ್ನ ಆಡಿಕೊಂಡರೂ ಅದರಲ್ಲಿ ನನ್ನ ಪಾಲೂ ಇದೆ ಅಂತ ತಿಳ್ಕೊಳ್ಳಿ.

ಓಟ ಮುಗಿದ ಮೇಲೆ ನಮ್ಮ ಗುಂಪು ಹತ್ತಿರದ ಒಂದು ದರ್ಶಿನಿಗೆ ಹೋಗುತ್ತೆ. ಎತ್ತರದ ಮೇಜಿನ ಸುತ್ತ ನಿಂತು ಇಡ್ಲಿ ವಡೆ ತಿನ್ನೋದು ರೂಢಿ. ಮೂರು ವರ್ಷದ ಹಿಂದೆ ಅಂಥದೇ ಒಂದು ಭಾನುವಾರ, ಗುಂಪಿನ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ನಿಮ್ಗೇನ್ ಬಿಡಿ ಗುರೂ, ಹಳ್ಳಿಯವ್ರು. ಬರಿಗಾಲಲ್ಲಿ ಓಡ್ಕೊಂಡೇ ಬೆಳೆದಿರ್ತೀರ. ಓಟ ನಿಮ್ಮ ರಕ್ತದಲ್ಲೇ ಇದೆ. ಕಷ್ಟ ಇರೋದು ನಮ್ಮಂಥ ಕಾನ್ವೆಂಟ್ ಮಕ್ಕಳಿಗೆ" ಅಂದರು. ಅವತ್ತು ನಾನು ಇನ್ನೊಂದು ವಡೆ ಜಾಸ್ತಿ ತಿಂದೆ.

ನಿಜ ಏನಪ್ಪಾ ಅಂದ್ರೆ, ನಾನು ಬರಿಗಾಲಲ್ಲಿ ಓಡಿ ಬೆಳೆದವನಲ್ಲ. ನಮ್ಮೂರು ಶಿರಾ ತಾಲ್ಲೂಕಿನಲ್ಲಿದೆ. ಹಾದಿ ತುಂಬಾ ಜಾಲಿ ಮುಳ್ಳು. ನಮ್ಮ ಮನೆಯಲ್ಲಿ ಕಡಲೇಕಾಯಿ ದುಡ್ಡು ಬಂದ ತಕ್ಷಣ ಮಕ್ಕಳಿಗೆ ಮೊದಲು ತರುತ್ತಿದ್ದದ್ದೇ ಹವಾಯಿ ಚಪ್ಪಲಿ. ಹೈಸ್ಕೂಲಿಗೆ ಹೋಗಿದ್ದು ಅಪ್ಪನ ಹಳೇ ಸೈಕಲ್ಲಲ್ಲಿ. ಆಮೇಲೆ ತುಮಕೂರಲ್ಲಿ ಹಾಸ್ಟೆಲ್ಲು, ಬಿ.ಇ., ಅಲ್ಲಿಂದ ಬೆಂಗಳೂರು, ಹನ್ನೆರಡು ವರ್ಷ ಕುರ್ಚಿ. ನನ್ನ ಕಾಲಿಗೆ ಗೊತ್ತಿದ್ದ ಹಳ್ಳಿ ಹದಿನೈದನೇ ವಯಸ್ಸಿಗೇ ಮುಗಿದುಹೋಗಿತ್ತು. ಆದರೆ ಇದನ್ನೆಲ್ಲ ಆ ಮೇಜಿನ ಹತ್ತಿರ ಹೇಳಲಿಲ್ಲ. ಹೊಗಳಿಕೆ ಸಿಕ್ಕಾಗ ತಿದ್ದುಪಡಿ ಮಾಡೋ ಅಭ್ಯಾಸ ನನಗಿಲ್ಲ.

ಅದೇ ವಾರ ಅವರು ನನಗೊಂದು ಪುಸ್ತಕ ಕೊಟ್ಟರು. ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಬರೆದ 'ಬಾರ್ನ್ ಟು ರನ್'. 2009ರಲ್ಲಿ ಬಂದದ್ದು. ಹವ್ಯಾಸಿ ಓಟಗಾರರ ಮನೆಯಲ್ಲಿ ಇದೊಂದು ಪಂಚಾಂಗದ ಹಾಗೆ ಇದ್ದೇ ಇರುತ್ತೆ. ಓದಿರದವರಿಗೆ ಎರಡು ಮಾತು ಹೇಳಿಬಿಡ್ತೀನಿ. ಮೆಕ್ಸಿಕೋದ ಕಾಪರ್ ಕ್ಯಾನಿಯನ್ ಎಂಬ ಆಳವಾದ ಕಣಿವೆಗಳಲ್ಲಿ ರರಾಮುರಿ ಅನ್ನೋ ಮೂಲನಿವಾಸಿ ಜನ ಇದ್ದಾರೆ. ಹೊರಗಿನವರು ಅವರನ್ನ ತರಾಹುಮಾರ ಅಂತಾರೆ. ಹಳೇ ಟೈರಿನ ಅಟ್ಟೆಗೆ ದಾರ ಕಟ್ಟಿದ ಚಪ್ಪಲಿ ಮೆಟ್ಟಿಕೊಂಡು ಒಂದೇ ಸಲಕ್ಕೆ ನೂರು ಕಿಲೋಮೀಟರ್ ಓಡುವವರು ಅವರಲ್ಲಿದ್ದಾರೆ. ಕಾಲುನೋವಿಂದ ಒದ್ದಾಡುತ್ತಿದ್ದ ಪತ್ರಕರ್ತ ಮ್ಯಾಕ್‌ಡೂಗಲ್, ನಾನು ಇಷ್ಟು ದುಡ್ಡಿನ ಶೂ ಹಾಕಿಯೂ ಕುಂಟುತ್ತಿದ್ದೀನಿ, ಇವರು ಹೇಗೆ ಓಡ್ತಾರೆ ಅಂತ ಹುಡುಕಿಕೊಂಡು ಹೋಗ್ತಾನೆ. ಅಲ್ಲಿ 'ಕಬಾಯೋ ಬ್ಲಾಂಕೋ', ಅಂದರೆ ಬಿಳಿ ಕುದುರೆ, ಅಂತ ಕರೆಸಿಕೊಳ್ಳೋ ಒಬ್ಬ ಅಮೆರಿಕನ್ ಒಂಟಿ ಓಟಗಾರ ಸಿಗ್ತಾನೆ. ಕೊನೆಗೆ 2006ರಲ್ಲಿ ಕಣಿವೆಯಲ್ಲೇ ಐವತ್ತು ಮೈಲಿಯ ಪಂದ್ಯ. ಅಮೆರಿಕದ ಹೆಸರಾಂತ ಓಟಗಾರ ಸ್ಕಾಟ್ ಜ್ಯೂರೆಕ್‌ನನ್ನು ಆರ್ನುಲ್ಫೋ ಕಿಮಾರೆ ಅನ್ನೋ ರರಾಮುರಿ ಸೋಲಿಸ್ತಾನೆ.

ಕಥೆ ಹೇಳೋ ಕಲೆ ಈ ಮನುಷ್ಯನಿಗೆ ಚೆನ್ನಾಗಿ ಗೊತ್ತು. ಅದನ್ನ ಒಪ್ಪಿಕೊಳ್ಳಲೇಬೇಕು. ರಾತ್ರಿ ಹತ್ತಕ್ಕೆ ಹಿಡಿದವನು ಬೆಳಗಿನ ಜಾವ ಮೂರಕ್ಕೆ ಮುಗಿಸಿದೆ. ಕಥೆಯ ನಡುನಡುವೆ ವಿಜ್ಞಾನವೂ ಬರುತ್ತೆ. ಡೆನ್ನಿಸ್ ಬ್ರ್ಯಾಂಬಲ್ ಮತ್ತು ಡ್ಯಾನಿಯಲ್ ಲೀಬರ್‌ಮನ್ ಅನ್ನೋ ಇಬ್ಬರು ವಿಜ್ಞಾನಿಗಳು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ವಾದ ಮುಂದಿಟ್ಟಿದ್ದರು. ಮನುಷ್ಯನ ದೇಹದ ಎಷ್ಟೋ ಅಂಗಗಳು ದೂರದ ಓಟಕ್ಕೆ ಹೊಂದಿಕೊಂಡು ರೂಪುಗೊಂಡಿವೆ ಅಂತ. ಹಿಮ್ಮಡಿಯ ಮೇಲಿನ ಸ್ಪ್ರಿಂಗಿನಂಥ ಸ್ನಾಯುರಜ್ಜು, ದೊಡ್ಡ ಪೃಷ್ಠದ ಸ್ನಾಯು, ಮೈತುಂಬಾ ಬೆವರೋ ಚರ್ಮ, ಇವೆಲ್ಲ ಅದಕ್ಕೆ ಸಾಕ್ಷಿ. ಮ್ಯಾಕ್‌ಡೂಗಲ್ ಇದನ್ನ ಹಿಡಿದು ಒಂದು ಘೋಷಣೆ ಮಾಡಿಬಿಡ್ತಾನೆ. ನಾವೆಲ್ಲ ಓಡೋಕೇ ಹುಟ್ಟಿದವರು, ಮೆತ್ತನೆ ಶೂ ನಮ್ಮನ್ನ ಕೆಡಿಸಿತು, ಅದನ್ನ ಬಿಚ್ಚಿ ಎಸೆದರೆ ಒಳಗಿನ ಓಟಗಾರ ಎದ್ದು ಬರ್ತಾನೆ. ಪುಸ್ತಕ ಓದಿ ಮುಗಿಸಿದಾಗ ನನ್ನ ಎದೆಯಲ್ಲಿ ಉಳಿದದ್ದು ಇಷ್ಟು.

ಇದರ ಜೊತೆಗೆ "ನಿಮ್ಮ ರಕ್ತದಲ್ಲೇ ಇದೆ" ಅನ್ನೋ ಮಾತೂ ಸೇರಿಕೊಂಡಿತಲ್ಲ. ನನ್ನ ಮೊದಲ ಫುಲ್ ಮ್ಯಾರಥಾನಿಗೆ ಹದಿನೆಂಟು ವಾರದ ತಯಾರಿ ನಡೀತಿತ್ತು. ಆರನೇ ವಾರದಲ್ಲಿದ್ದೆ. ಮೆತ್ತನೆ ಶೂ ಮೂಲೆಗೆ ಹಾಕಿ, ಕಾಗದದಷ್ಟು ತೆಳು ಅಟ್ಟೆಯ ಒಂದು ಜೋಡಿ ತಗೊಂಡೆ. ಮೊದಲ ವಾರ ಮೂರು ಕಿಲೋಮೀಟರ್ ಓಡಿ ನೋಡಿ ಅಂತ ಗುಂಪಿನ ಒಬ್ಬಾಕೆ ಹೇಳಿದರು. ಮೂರಾ? ನಾನ್ಯಾರು? ಶಿರಾದ ರರಾಮುರಿ! ಎರಡನೇ ಭಾನುವಾರಕ್ಕೇ ಹದಿನಾಲ್ಕು ಓಡಿದೆ. ಮೂರನೇ ವಾರ ಪಾದದ ಮೇಲ್ಭಾಗದಲ್ಲಿ ಒಂದು ಸಣ್ಣ ನೋವು. ಉಳುಕಿರಬೇಕು ಅಂತ ಎಣ್ಣೆ ತಿಕ್ಕಿ ಇನ್ನೂ ಎರಡು ವಾರ ಓಡಿದೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಕಣ್ಣಲ್ಲಿ ನೀರು ಬಂತು. ಸ್ಕ್ಯಾನ್ ಮಾಡಿಸಿದಾಗ ಎರಡನೇ ಬೆರಳಿನ ಹಿಂದಿರೋ ಉದ್ದನೆ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಆರು ವಾರ ಪ್ಲಾಸ್ಟಿಕ್ ಬೂಟು. ಮ್ಯಾರಥಾನ್ ಹೋಯ್ತು.

ಡಾಕ್ಟರು ಬೈಯಲಿಲ್ಲ. ಒಂದು ಚಿತ್ರ ಬರೆದು ವಿವರಿಸಿದರು. ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಆದರೆ ಮೊದಲು ಹಳೇದನ್ನ ಕೆರೆದು ತೆಗೆಯುತ್ತೆ, ಆಮೇಲೆ ಹೊಸದನ್ನ ಕಟ್ಟುತ್ತೆ. ಈ ಎರಡರ ನಡುವಿನ ಕೆಲವು ವಾರಗಳಲ್ಲಿ ಅದು ಮೊದಲಿಗಿಂತ ಸೊರಗಿರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಕೋಡ್ ಡಿಲೀಟ್ ಆಗಿದೆ, ಹೊಸದು ಇನ್ನೂ ಪೂರ್ತಿ ಬರೆದಿಲ್ಲ, ಆದರೆ ಟ್ರಾಫಿಕ್ಕು ಮಾತ್ರ ಎರಡರಷ್ಟಾಗಿದೆ. ಸರ್ವರ್ ಬೀಳದೆ ಇನ್ನೇನಾಗುತ್ತೆ? ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಚುರುಕಾಗುತ್ತವೆ. ಮೂಳೆಗೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು 'ನಾನು ರೆಡಿ' ಅಂದಾಗ ಕಾಲು ಇನ್ನೂ ರೆಡಿ ಇರಲ್ಲ. ಹವ್ಯಾಸಿ ಓಟಗಾರರು ಗಾಯ ಮಾಡಿಕೊಳ್ಳೋದು ಬಹಳ ಸಲ ಈ ಅಂತರದಲ್ಲೇ.

ಮನೆಯಿಂದಲೇ ಕೆಲಸ ಅಂತ ಅನುಮತಿ ಪಡೆದು ಊರಿಗೆ ಹೋದೆ. ನನ್ನ ಬೂಟು ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: "ಯಾರ್ ಅಟ್ಟಿಸ್ಕಂಡ್ ಬಂದಿದ್ರು ಮಗಾ ನಿನ್ನ?" ಅಪ್ಪನಿಗೆ ಬೇರೆ ಅನುಮಾನ. "ಓಡಾಕೆ ಅವ್ರು ನಿಂಗ್ ದುಡ್ ಕೊಡ್ತಾರಾ, ನೀನೇ ಅವ್ರಿಗ್ ಕೊಡ್ತೀಯಾ?" ನಾನೇ ಕೊಡ್ತೀನಿ ಅಂದೆ. ಅಪ್ಪ ಸ್ವಲ್ಪ ಹೊತ್ತು ಆ ಕಡೆ ನೋಡಿದರು. ಆಮೇಲೆ ಎಷ್ಟು ದಿನದಲ್ಲಿ ಎಷ್ಟು ದೂರ ಹೆಚ್ಚಿಸಿದೆ ಅಂತ ವಿಚಾರಿಸಿದರು. ಹೇಳಿದೆ. "ಹೋರಿನ ಮೊದಲ್ನೇ ದಿನಾನೇ ಗಾಡಿಗ್ ಕಟ್ತಾರೇನ್ಲಾ?" ಅಂದು ಎದ್ದು ಹೋದರು. ಎದ್ದು ಹೋದರು ಅಂತ ಬರೆದೆ, ಆದರೆ ಅವರು ಎದ್ದದ್ದು ಕಂಬ ಹಿಡಿದು. ಅರವತ್ತೆಂಟು ವರ್ಷದ ಅಪ್ಪನ ಎರಡೂ ಮಂಡಿ ಸವೆದಿವೆ. ರಕ್ತದಲ್ಲೇ ಗಟ್ಟಿತನ ಇರೋ ಹಳ್ಳಿ ಮನುಷ್ಯ ಕುಕ್ಕರಗಾಲಲ್ಲಿ ಕೂತರೆ ಇನ್ನೊಬ್ಬರು ಕೈ ಕೊಡಬೇಕು.

ಆ ಆರು ವಾರದಲ್ಲಿ ಜಗಲಿ ಮೇಲೆ ಕಾಲು ಚಾಚಿಕೊಂಡು 'ಬಾರ್ನ್ ಟು ರನ್' ಇನ್ನೊಂದು ಸಲ ಓದಿದೆ. ಎರಡನೇ ಓದಿನಲ್ಲಿ ಅದು ಬೇರೆಯೇ ಪುಸ್ತಕವಾಗಿ ಕಂಡಿತು. ಮೊದಲನೆಯದಾಗಿ, ಅದರ ಹೆಸರಿಗೂ ಒಳಗಿನ ಸಂಗತಿಗೂ ತಾಳೆಯಾಗಲ್ಲ. ಮ್ಯಾಕ್‌ಡೂಗಲ್ ಆ ಐವತ್ತು ಮೈಲಿ ಓಡೋಕೆ ಮುಂಚೆ ಎರಿಕ್ ಆರ್ಟನ್ ಅನ್ನೋ ಕೋಚ್ ಹತ್ತಿರ ತಿಂಗಳುಗಟ್ಟಲೆ ತರಬೇತಿ ತಗೊಂಡಿದ್ದ. ನಡಿಗೆಯ ಭಂಗಿ, ವ್ಯಾಯಾಮ, ನಿಧಾನದ ಓಟ, ಸ್ವಲ್ಪಸ್ವಲ್ಪವೇ ದೂರ. ಎಲ್ಲಾ ಪುಸ್ತಕದಲ್ಲೇ ಇದೆ. ಮೊದಲ ಸಲ ನಾನು ಆ ಪುಟಗಳನ್ನ ಬೇಗಬೇಗ ತಿರುವಿಹಾಕಿದ್ದೆ, ಯಾಕಂದ್ರೆ ಕಣಿವೆ ಕಥೆ ಮುಂದೇನಾಯ್ತು ಅನ್ನೋ ಆತುರ. ತಪ್ಪು ನನ್ನದು ನಿಜ. ಆದರೆ ಪುಸ್ತಕ ಕಟ್ಟಿರೋ ರೀತಿಯೂ ಹಾಗೇ ಇದೆ. ತರಬೇತಿಯನ್ನ ಸಣ್ಣ ದನಿಯಲ್ಲಿ ಹೇಳಿ, ಹುಟ್ಟುಗುಣವನ್ನ ಡೋಲು ಬಾರಿಸಿ ಹೇಳುತ್ತೆ.

ಎರಡನೆಯದು ಇನ್ನೂ ಮುಖ್ಯ. ಅಮೆರಿಕದ ಕೊಲರಾಡೋದಲ್ಲಿ, ಮೂರು ಸಾವಿರ ಮೀಟರ್ ಎತ್ತರದ ಲೆಡ್‌ವಿಲ್ ಎಂಬಲ್ಲಿ ನಡೆಯೋ ನೂರು ಮೈಲಿ ಓಟದ ಕಥೆ ಪುಸ್ತಕದಲ್ಲಿ ಬರುತ್ತೆ. 1993ರಲ್ಲಿ ಐವತ್ತೈದು ವರ್ಷದ ವಿಕ್ಟೋರಿಯಾನೋ ಚೂರೋ ಅಲ್ಲಿ ಗೆದ್ದ. ಮುಂದಿನ ವರ್ಷ ಹ್ವಾನ್ ಹೆರೇರಾ ಗೆದ್ದ, ಆ್ಯನ್ ಟ್ರೇಸನ್ ಅನ್ನೋ ಅದ್ಭುತ ಓಟಗಾರ್ತಿ ಎರಡನೆಯವಳಾದಳು. ಎಲ್ಲರಿಗೂ ನೆನಪಿರೋದು ಈ ಗೆಲುವುಗಳು. ಆದರೆ ಅದಕ್ಕೂ ಹಿಂದಿನ ವರ್ಷ, 1992ರಲ್ಲಿ, ಮೊದಲ ಸಲ ಬಂದ ರರಾಮುರಿಗಳು ಓಟವನ್ನ ಅರ್ಧಕ್ಕೇ ಬಿಟ್ಟಿದ್ದರು. ದಾರಿ ಗೊತ್ತಿರಲಿಲ್ಲ, ಕೈಲಿದ್ದ ಟಾರ್ಚನ್ನ ಪಂಜಿನ ಹಾಗೆ ಮೇಲ್ಮುಖವಾಗಿ ಹಿಡಿದಿದ್ದರು. ಊಟದ ಮೇಜುಗಳ ಹತ್ತಿರ ಸಂಕೋಚದಿಂದ ನಿಂತೇ ಇದ್ದರು, ಯಾರಾದರೂ 'ತಗೊಳ್ಳಿ' ಅನ್ನಲಿ ಅಂತ. ಇದನ್ನ ಓದಿ ನನಗೆ ನಗು ಬರಲಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಆಫೀಸಿನ ಬಫೆ ಊಟದಲ್ಲಿ ನಾನು ತಟ್ಟೆ ಹಿಡಿದು ನಿಂತದ್ದೂ ಹಾಗೇ. ಕರೆಯದೆ ಹೇಗೆ ಬಡಿಸಿಕೊಳ್ಳೋದು?

ರಕ್ತದಲ್ಲೇ ಓಟ ಇದ್ದಿದ್ದರೆ 1992ರಲ್ಲೂ ಇರಬೇಕಿತ್ತಲ್ಲ? ಮುಂದಿನ ವರ್ಷಕ್ಕೆ ಬದಲಾದದ್ದು ಆ ಜನರ ರಕ್ತವಲ್ಲ. ಆ ಓಟದ ರೀತಿನೀತಿ ಅವರಿಗೆ ತಿಳಿಯಿತು, ರೂಢಿಯಾಯಿತು. ಪುಸ್ತಕ ಈ ಘಟನೆಯನ್ನ ತಮಾಷೆಯಾಗಿ ಹೇಳಿ ಮುಂದೆ ಓಡುತ್ತೆ. ನನ್ನ ಪ್ರಕಾರ ಅಲ್ಲೇ ನಿಲ್ಲಬೇಕಿತ್ತು.

ನಿಂತು ನೋಡಿದವರು ಬೇರೆಯವರು. ವಿಚಿತ್ರ ಅಂದ್ರೆ, ಮ್ಯಾಕ್‌ಡೂಗಲ್ ನೆಚ್ಚಿಕೊಂಡಿದ್ದ ಅದೇ ಡ್ಯಾನಿಯಲ್ ಲೀಬರ್‌ಮನ್. ಅವರು ಸಂಗಡಿಗರ ಜೊತೆ ಸೇರಿ 2020ರಲ್ಲಿ 'ಕರೆಂಟ್ ಆಂತ್ರಪಾಲಜಿ' ಪತ್ರಿಕೆಯಲ್ಲಿ ರರಾಮುರಿಗಳ ಓಟದ ಬಗ್ಗೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ರರಾಮುರಿ ಓಟಗಾರರೊಬ್ಬರೂ ಅದರ ಸಹಲೇಖಕರು. ಹಿರಿಯ ಓಟಗಾರರ ಜೊತೆ ಕೂತು ಮಾತಾಡಿ ಬರೆದದ್ದು. ಅದರ ತಿರುಳು ಹೀಗಿದೆ. 'ಆಧುನಿಕತೆ ಸೋಕದ ಜನ ಹುಟ್ಟಿನಿಂದಲೇ ಮಹಾನ್ ಕ್ರೀಡಾಪಟುಗಳು' ಅನ್ನೋದು ಒಂದು ಮಿಥ್ಯೆ. ರರಾಮುರಿಗಳೆಲ್ಲರೂ ದೂರದ ಓಟಗಾರರಲ್ಲ. ಓಡುವವರು ನಮ್ಮ ಹಾಗೆ ಚಾರ್ಟು ಹಾಕಿಕೊಂಡು ತರಬೇತಿ ಮಾಡಲ್ಲ, ಆದರೆ ತರಬೇತಿಯೇ ಇಲ್ಲ ಅಂತಲ್ಲ. ಜೋಳದ ಹೊಲದ ಗೆಯ್ಮೆ, ಕಡಿದಾದ ಕಣಿವೆ ಹತ್ತಿಳಿಯೋದು, ಆಡು ಕಾಯೋದು, ರಾತ್ರಿಯಿಡೀ ಕುಣಿಯೋ ಹಬ್ಬಗಳು, ಇವೇ ವರ್ಷವಿಡೀ ಅವರ ದೇಹವನ್ನ ತಯಾರು ಮಾಡುತ್ತವೆ. ಮರದ ಚೆಂಡನ್ನ ಕಾಲಲ್ಲಿ ಚಿಮ್ಮಿಕೊಂಡು ತಂಡತಂಡವಾಗಿ ಓಡೋ ಅವರ ಪಂದ್ಯಕ್ಕೆ ಊರಿಗೆ ಊರೇ ಸೇರುತ್ತೆ, ಬಾಜಿ ಕಟ್ಟುತ್ತೆ. ಅವರಿಗೆ ಅದು ಒಂದು ರೀತಿಯ ಪ್ರಾರ್ಥನೆ ಕೂಡ.

ಇದನ್ನ ಓದಿದ ಮೇಲೆ ನನಗೆ ದರ್ಶಿನಿಯ ಹೊಗಳಿಕೆಯಲ್ಲಿ ಏನು ಐಬಿತ್ತು ಅಂತ ತಿಳೀತು. 'ರಕ್ತದಲ್ಲಿದೆ' ಅಂದಾಗ ನಾವು ಹೊಗಳ್ತಿದ್ದೀವಿ ಅಂದ್ಕೋತೀವಿ. ಆದರೆ ಅಲ್ಲಿ ಒಬ್ಬ ಮನುಷ್ಯ ಮೂವತ್ತು ನಲವತ್ತು ವರ್ಷ ಪಟ್ಟ ಪಾಡನ್ನ ಲೆಕ್ಕದಿಂದಲೇ ಹೊಡೆದುಹಾಕ್ತಿರ್ತೀವಿ. ಅಪ್ಪ ಹತ್ತು ಗಂಟೆ ಹೊಲದಲ್ಲಿ ನಿಲ್ಲಬಲ್ಲವರಾಗಿದ್ದು ಹತ್ತು ವರ್ಷದ ಹುಡುಗನಿಂದ ದಿನವೂ ಸ್ವಲ್ಪಸ್ವಲ್ಪ ನಿಂತು ಕಲಿತದ್ದರಿಂದ. ಅದಕ್ಕೆ ತೆತ್ತ ಬೆಲೆ ಆ ಮಂಡಿಗಳಲ್ಲಿದೆ. ಅದನ್ನ 'ನ್ಯಾಚುರಲ್' ಅಂತ ಕರೆದುಬಿಟ್ಟರೆ ದುಡಿಮೆಯ ಹೆಸರೂ ಹೋಯ್ತು, ನೋವಿನ ಹೆಸರೂ ಹೋಯ್ತು. ಆ ಕಡೆ ನಗರದ ಓಟಗಾರನಿಗೂ ನಷ್ಟವೇ. ಒಳಗೇ ಇದೆ, ಶೂ ಬಿಚ್ಚಿದರೆ ಸಾಕು ಅಂತ ನಂಬಿದವನಿಗೆ ಕಾಯೋ ತಾಳ್ಮೆ ಎಲ್ಲಿಂದ ಬರಬೇಕು?

ಇದು ಮೆಕ್ಸಿಕೋದ ಕಥೆ ಮಾತ್ರ ಅಂದ್ಕೋಬೇಡಿ. 2020ರ ಫೆಬ್ರುವರಿಯಲ್ಲಿ ನಮ್ಮಲ್ಲೇ ಏನಾಯ್ತು ನೆನಪು ಮಾಡ್ಕೊಳ್ಳಿ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ, ನೂರು ಮೀಟರಿಗೆ 9.55 ಸೆಕೆಂಡ್ ಆಯ್ತು, ಉಸೇನ್ ಬೋಲ್ಟ್ ದಾಖಲೆ ಮುರಿದುಹೋಯ್ತು ಅಂದರು. ವಾಟ್ಸಾಪೆಲ್ಲ ಅದೇ. ದೆಹಲಿಯಿಂದ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ನಮ್ಮ ಆಫೀಸಿನ ಗುಂಪಲ್ಲೂ 'ರಾ ಟ್ಯಾಲೆಂಟ್', 'ಹುಟ್ಟು ಪ್ರತಿಭೆ' ಅಂತ ಸಂದೇಶಗಳ ಮಳೆ. ನಾನೂ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದ್ದೆ.

ಎಲ್ಲರಿಗಿಂತ ಸ್ಪಷ್ಟವಾಗಿ ಮಾತಾಡಿದ್ದು ಗೌಡರೇ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ, ಇಲ್ಲಿ ಹಿಮ್ಮಡಿಯ ಬಳಕೆ, ಅಲ್ಲಿ ಮುಂಗಾಲಿನದು ಅಂತ ಹೇಳಿ ಟ್ರಯಲ್ಸನ್ನ ನಯವಾಗಿ ನಿರಾಕರಿಸಿದರು. ವೇಗದಲ್ಲಿ ಕೋಣಗಳ ಪಾಲೂ ಇದೆ ಅನ್ನೋದನ್ನ ಮರೆಯಲಿಲ್ಲ. ಅವರ ಮಾತಲ್ಲಿ ಇದ್ದದ್ದು ಒಬ್ಬ ಕಸುಬುದಾರನ ತಿಳಿವಳಿಕೆ. ಕೆಸರುಗದ್ದೆಯಲ್ಲಿ ಹಗ್ಗ ಹಿಡಿದು ಕೋಣಗಳ ಹಿಂದೆ ಓಡೋದು ಕಲಿತು ಬರೋ ವಿದ್ಯೆ. ನಾವು ಅವರ ವಿದ್ಯೆಯನ್ನ ನೋಡಲೇ ಇಲ್ಲ, ಕಾಲು ಮಾತ್ರ ನೋಡಿದೆವು. ಒಲಿಂಪಿಕ್ಸ್ ಮೆಡಲಿಗೆ ಎಷ್ಟು ಬರುತ್ತೆ ಅಂತ ಅಳತೆ ತೆಗೆದೆವು.

ಇನ್ನು ನಮ್ಮ ಗುಂಪಿನ ಇನ್ನೊಂದು ಪಾರಾಯಣ ಗ್ರಂಥದ ವಿಷಯ. ಜಪಾನಿನ ಕಾದಂಬರಿಕಾರ ಹಾರುಕಿ ಮುರಕಾಮಿಯ 'ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್'. ಜಪಾನಿ ಭಾಷೆಯಲ್ಲಿ 2007ರಲ್ಲಿ, ಇಂಗ್ಲಿಷಿನಲ್ಲಿ 2008ರಲ್ಲಿ ಬಂತು. ಇದನ್ನ ನಾನು ಮೊದಲು ಅರ್ಧಕ್ಕೇ ಬಿಟ್ಟಿದ್ದೆ. ಏನಪ್ಪಾ ಇದು, ಈ ತಿಂಗಳು ಎಷ್ಟು ಓಡಿದೆ, ಬಿಸಿಲು ಹೇಗಿತ್ತು, ಕಿವಿಯಲ್ಲಿ ಯಾವ ಹಾಡಿತ್ತು, ಬರೀ ಇದೇ ಅಂತ. ಕಣಿವೆ ಇಲ್ಲ, ಬಿಳಿ ಕುದುರೆ ಇಲ್ಲ. ಬೂಟು ಹಾಕಿಕೊಂಡು ಜಗಲಿ ಮೇಲೆ ಕೂತಾಗ ಬೇರೆ ಪುಸ್ತಕ ಇರಲಿಲ್ಲ ಅಂತ ಮತ್ತೆ ಹಿಡಿದೆ.

ಅಲ್ಲಿ ಒಂದು ಕಡೆ ಮುರಕಾಮಿ, ಮೈಯ ಸ್ನಾಯುಗಳು ದುಡಿಯೋ ಜಾನುವಾರುಗಳ ಹಾಗೆ ಅಂತ ಹೇಳ್ತಾನೆ. ಭಾರವನ್ನ ಹಂತಹಂತವಾಗಿ ಹೆಚ್ಚಿಸಿದರೆ ಅವು ಒಗ್ಗಿಕೊಳ್ಳುತ್ತವೆ. ನಡುವೆ ಬಿಟ್ಟುಬಿಟ್ಟರೆ 'ಓ, ಇನ್ನು ಕೆಲಸ ಇಲ್ಲ' ಅಂತ ಆರಾಮಾಗಿಬಿಡುತ್ತವೆ. ಅದಕ್ಕೇ ಅವನು ಸತತ ಎರಡು ದಿನ ರಜೆ ಮಾಡಲ್ಲ. ಓದ್ತಾ ಓದ್ತಾ ನಾನು ತಲೆಯೆತ್ತಿ ಕೊಟ್ಟಿಗೆ ಕಡೆ ನೋಡಿದೆ. ಇದು ಅಪ್ಪ ಹೇಳಿದ್ದೇ ಅಲ್ವಾ?

ನಮ್ಮೂರಲ್ಲಿ ಹೋರಿ ಪಳಗಿಸೋದನ್ನ ಚಿಕ್ಕಂದಿನಲ್ಲಿ ನೋಡಿದ್ದೀನಿ. ಮೊದಲು ಬರೀ ನೊಗ ಇಟ್ಟು ಅಂಗಳದಲ್ಲಿ ನಡೆಸ್ತಾರೆ. ಆಮೇಲೆ ಒಂದು ಹಗುರ ಮರದ ತುಂಡನ್ನ ಕಟ್ಟಿ ಎಳೆಸ್ತಾರೆ, ಅದೂ ಬೆಳಗಿನ ತಂಪಲ್ಲಿ ನಾಲ್ಕೇ ಸುತ್ತು. ಆಮೇಲೆ ಕುಂಟೆ, ಆಮೇಲೆ ನೇಗಿಲು, ಕೊನೆಗೆ ಗಾಡಿ. ಹೋರಿ ಎಳೆಯೋಕೆ ಹಾರಾಡಿದರೂ ಬಿಡಲ್ಲ. ಹುರುಪಿರುತ್ತೆ, ಎಳೆದೂ ಬಿಡುತ್ತೆ, ಆದರೆ ಹೆಗಲು ಬಾತುಕೊಂಡರೆ ಆ ವರ್ಷದ ಬೇಸಾಯವೇ ಹೋಯ್ತು. ಮ್ಯಾರಥಾನ್ ತರಬೇತಿಯ ಯಾವ ಚಾರ್ಟನ್ನಾದರೂ ತೆಗೆದು ನೋಡಿ, ಇದಕ್ಕಿಂತ ಹೆಚ್ಚಿನದು ಅದರಲ್ಲಿಲ್ಲ. ಬಹುಪಾಲು ಓಟ ಮಾತಾಡ್ಕೊಂಡು ಓಡಬಹುದಾದಷ್ಟು ನಿಧಾನ. ವಾರಕ್ಕೊಂದೇ ಉದ್ದದ ಓಟ. ಮೂರ್ನಾಲ್ಕು ವಾರಕ್ಕೊಮ್ಮೆ ಭಾರ ಇಳಿಸಿದ ವಾರ. ಪಂದ್ಯಕ್ಕೆ ಎರಡು ಮೂರು ವಾರ ಇರುವಾಗ ಇಳಿಮುಖ. 42.195 ಕಿಲೋಮೀಟರಿನಲ್ಲಿ ಮೂವತ್ತು ದಾಟಿದ ಮೇಲೆ ದೇಹದಲ್ಲಿ ಕೂಡಿಟ್ಟ ಸಕ್ಕರೆ ಬರಿದಾಗಿ ಕಾಲು ಕಲ್ಲಾಗುತ್ತಲ್ಲ, ಅಲ್ಲಿ ಕೈ ಹಿಡಿಯೋದು ಈ ಬೇಜಾರಿನ ವಾರಗಳೇ.

ಟೋಕಿಯೋದ ಜಾಝ್ ಬಾರ್ ಮಾಲೀಕನಾಗಿದ್ದ, ದಿನಕ್ಕೆ ಅರವತ್ತು ಸಿಗರೇಟು ಸೇದುತ್ತಿದ್ದ ಮನುಷ್ಯನಿಗೆ ಗೊತ್ತಾದ ಈ ಸತ್ಯ, ಕಣಿವೆಯವರೆಗೂ ಹೋಗಿ ಬಂದವನ ಪುಸ್ತಕದಲ್ಲಿ ಮೂಲೆ ಸೇರಿತು. ಕಾರಣ ಸುಲಭ. ಮ್ಯಾಕ್‌ಡೂಗಲ್ ಇನ್ನೊಬ್ಬರ ದೇಹದಲ್ಲಿ ಗುಟ್ಟು ಹುಡುಕಿದ. ಮುರಕಾಮಿ ತನ್ನ ದೇಹದ ಲೆಕ್ಕ ಬರೆದ. 1983ರ ಬೇಸಿಗೆಯಲ್ಲಿ ಅಥೆನ್ಸಿನಿಂದ ಮ್ಯಾರಥಾನ್ ಊರಿನವರೆಗೆ ಒಬ್ಬನೇ ಓಡಿ ಬಿಸಿಲಲ್ಲಿ ಬೆಂದದ್ದು, 1996ರಲ್ಲಿ ಹೊಕ್ಕೈಡೋದ ಸರೋಮಾ ಸರೋವರದ ಹತ್ತಿರ ನೂರು ಕಿಲೋಮೀಟರ್ ಓಡಿದ ಮೇಲೆ ಓಟದ ಮೇಲೇ ಆಸೆ ಬತ್ತಿದ್ದು, 2005ರ ನ್ಯೂಯಾರ್ಕ್ ಮ್ಯಾರಥಾನಿಗೆ ತಿಂಗಳುಗಟ್ಟಲೆ ತಯಾರಾಗಿಯೂ ಅಂದುಕೊಂಡ ಹಾಗೆ ಆಗದೇ ಹೋದದ್ದು, ಎಲ್ಲವನ್ನೂ ಬರೀತಾನೆ. ವಯಸ್ಸಾಗ್ತಿದೆ, ನಿಧಾನ ಆಗ್ತಿದ್ದೀನಿ ಅನ್ನೋದನ್ನ ಮುಚ್ಚಿಡಲ್ಲ.

ಹಾಗಂತ ಮುರಕಾಮಿಗೂ ನನ್ನದೊಂದು ತಕರಾರಿದೆ. ಅವನ ರಸ್ತೆಯಲ್ಲಿ ಹೆಚ್ಚುಕಡಿಮೆ ಅವನೊಬ್ಬನೇ. ಅವನ ಸಮಯಕ್ಕೆ ಅವನೇ ಯಜಮಾನ. ರಾತ್ರಿ ಹತ್ತಕ್ಕೆ ಮಲಗಬೇಕು ಅಂತ ತೀರ್ಮಾನ ಮಾಡಿದ, ಮಲಗಿದ. ರಾತ್ರಿ ಹತ್ತೂವರೆಗೆ ಅಮೆರಿಕದ ಕ್ಲೈಂಟ್ ಕಾಲ್ ಇರೋರು ಏನು ಮಾಡಬೇಕು? ನಾನು ಭಾನುವಾರ ಮೂರು ಗಂಟೆ ಓಡೋಕೆ ಹೋದಾಗ ಮಗಳನ್ನ ಎಬ್ಬಿಸಿ, ಹಾಲು ಕುಡಿಸಿ, ಸುಮ್ಮನಿರಿಸೋಳು ನನ್ನ ಹೆಂಡತಿ. ಮೆಡಲ್ ಹಾಕಿಕೊಂಡ ಫೋಟೋದಲ್ಲಿ ಅವಳಿರಲ್ಲ. ಹವ್ಯಾಸಿ ಓಟಗಾರನ ಒಂಟಿತನದ ಬಗ್ಗೆ ಓದೋಕೆ ಚೆಂದ. ಆದರೆ ಆ ಒಂಟಿತನವನ್ನ ಮನೆಯಲ್ಲಿ ಯಾರೋ ಕಾದು ಕೊಟ್ಟಿರ್ತಾರೆ. ಇದು ಮುರಕಾಮಿಯ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ಮ್ಯಾಕ್‌ಡೂಗಲ್‌ನ ಕಣಿವೆಗೆ ಆಮೇಲೆ ಏನಾಯ್ತು ಅನ್ನೋದನ್ನೂ ಹೇಳಬೇಕು. ಬಿಳಿ ಕುದುರೆ, ಅಂದರೆ ಮೈಕಾ ಟ್ರೂ, 2012ರಲ್ಲಿ ನ್ಯೂ ಮೆಕ್ಸಿಕೋದ ಕಾಡಲ್ಲಿ ಓಡೋಕೆ ಹೋದವನು ತಿರುಗಿ ಬರಲಿಲ್ಲ. 2015ರಲ್ಲಿ ಕಣಿವೆಯಲ್ಲಿ ಮಾದಕವಸ್ತು ಗುಂಪುಗಳ ಗುಂಡಿನ ಕಾಳಗದಿಂದಾಗಿ ಅವನು ಶುರುಮಾಡಿದ್ದ ಪಂದ್ಯವನ್ನೇ ರದ್ದು ಮಾಡಬೇಕಾಯಿತು. ಪುಸ್ತಕ ಓದಿದ ನಾವು ತೆಳು ಅಟ್ಟೆಯ ಶೂ ಕೊಂಡೆವು. ಆ ಜನರ ಹೊಲಕ್ಕೆ ಮಳೆ ಬಂತಾ, ಊರಲ್ಲಿ ನೆಮ್ಮದಿ ಇದೆಯಾ ಅಂತ ಕೇಳಲಿಲ್ಲ. ಅವರಿಂದ ನಮಗೆ ಬೇಕಾಗಿದ್ದದ್ದು ಕಾಲಿನ ವಿಷಯ ಒಂದೇ.

ಇಷ್ಟೆಲ್ಲ ಹೇಳಿ 'ಬಾರ್ನ್ ಟು ರನ್' ಓದಬೇಡಿ ಅಂತೀನಾ? ಇಲ್ಲ. ಓದಿ. ಎಷ್ಟೋ ಜನರನ್ನ ಸೋಫಾದಿಂದ ಎಬ್ಬಿಸಿದ ಪುಸ್ತಕ ಅದು. ಆದರೆ ಕೋಚ್ ಬರೋ ಪುಟಗಳನ್ನ ಹಾರಿಸಬೇಡಿ. ಮುರಕಾಮಿಯನ್ನ ಅದರ ಪಕ್ಕದಲ್ಲಿಟ್ಟುಕೊಂಡು ಓದಿ, ಬೇಜಾರಾದರೂ.

ಬೂಟು ಬಿಚ್ಚಿದ ಮೇಲೆ ನಾನು ಮೊದಲಿಂದ ಶುರುಮಾಡಿದೆ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಊರ ಕೆರೆ ಏರಿ ಮೇಲೆ ಹಾಗೆ ಓಡ್ತಾ ನಡೀತಾ ಇದ್ದರೆ ಎಮ್ಮೆ ಹೊಡ್ಕೊಂಡು ಹೋಗೋರು ನಿಂತು ನೋಡೋರು. ಒಂದು ದಿನ ಅಪ್ಪನನ್ನ ಕೇಳಿದೆ, ಹೋರಿ ಪಳಗಿಸೋವಾಗ ಜೊತೆಗೆ ಯಾವಾಗಲೂ ಒಂದು ಹಳೇ ಎತ್ತನ್ನೇ ಯಾಕೆ ಕಟ್ತಿದ್ದಿರಿ ಅಂತ. "ಎಷ್ಟ್ ಜೋರಾಗ್ ಹೋಗ್ಬೇಕು ಅನ್ನಾದು ಅದ್ಕ್ ಗೊತ್ತಿರ್ತದೆ" ಅಂದರು. ಒಂದೂವರೆ ವರ್ಷ ಕಳೆದ ಮೇಲೆ ಮೊದಲ ಫುಲ್ ಮ್ಯಾರಥಾನ್ ಮುಗಿಸಿದೆ. ಐದು ಗಂಟೆಗೂ ಮೀರಿ ಹಿಡಿಯಿತು. ಶೂ ಮೆತ್ತನೆಯದೇ.

ಮೊನ್ನೆ ಗುಂಪಿಗೆ ರಾಯಚೂರು ಕಡೆಯ ಒಬ್ಬ ಹುಡುಗ ಬಂದಿದ್ದ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಂತೆ. ಬಂದ ಮೊದಲ ದಿನವೇ ಹದಿನಾರು ಕಿಲೋಮೀಟರ್ ನಮ್ಮೆಲ್ಲರಿಗಿಂತ ಮುಂದೆ ಓಡಿಬಿಟ್ಟ. ದರ್ಶಿನಿಯಲ್ಲಿ ನಮ್ಮ ಹಿರಿಯರು ಅವನ ಬೆನ್ನು ತಟ್ಟಿ, "ನೋಡ್ರಪ್ಪಾ, ಹಳ್ಳಿ ಹುಡುಗ್ರಿಗೆ ರಕ್ತದಲ್ಲೇ..." ಅಂತ ಶುರುಮಾಡಿದರು. ಅವನ ಮುಖ ಅರಳಿತು. ನಾನು ಗ್ಲಾಸು ಕೆಳಗಿಟ್ಟು ಕೇಳಿದೆ.

"ಹೋದ ವಾರ ಎಷ್ಟು ಓಡಿದ್ದೆ?"

"ಎಂಟು ರೀ."

"ಹಂಗಾದ್ರೆ ಮುಂದಿನ ಭಾನುವಾರ ಒಂಬತ್ತೇ ಓಡೋಣ. ನಾನೂ ಬರ್ತೀನಿ ಜೊತೆಗೆ."

ಹುಡುಗನಿಗೆ ಬೇಜಾರಾಯ್ತು. ಹಿರಿಯರಿಗೂ ಸ್ವಲ್ಪ. ಆದರೆ ಮುಂದಿನ ಭಾನುವಾರ ಅವನು ಬಂದ. ಒಂಬತ್ತು ಕಿಲೋಮೀಟರ್, ಮಾತಾಡ್ಕೊಂಡು, ನಿಧಾನಕ್ಕೆ. ದಾರಿಯುದ್ದಕ್ಕೂ ಅವನೇ ಮಾತಾಡಿದ. ಅವರಪ್ಪ ಹತ್ತಿ ಗಿರಣಿಯಲ್ಲಿ ಮೂಟೆ ಹೊರ್ತಾರಂತೆ. ಈಗ ಬೆನ್ನು ನೋವಂತೆ.